ರೈತನ ಸಾಲವೂ ಲಂಡನ್ನಿನ ವಾದಗಳೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ರೈತನು ಸಾಲಗಾರನಾದುದಕ್ಕೆ ಅವನ ದುಂದುಗಾರಿಕೆಯೇ ಕಾರಣವೆಂಬ ಮಾತು ವಿದ್ಯಾವಂತರ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಗಳ ಮದುವೆಗೆ ಸಾಲ, ತಂದೆಯ ತಿಥಿಗೆ ಸಾಲ, ಮಾರಿಹಬ್ಬಕ್ಕೆ ಸಾಲ, ಹೊಲದ ಬದುವಿಗಾಗಿ ವ್ಯಾಜ್ಯ ಹೂಡಿ ಅದಕ್ಕೊಂದು ಸಾಲ, ಹೀಗೆ ಪಟ್ಟಿ ಹೇಳಿ ಮಿತವ್ಯಯದ ಉಪದೇಶದೊಡನೆ ಮಾತು ಮುಗಿಯುತ್ತದೆ. ಜಮಾಬಂದಿಗೆ ಬಂದ ಅಧಿಕಾರಿಗಳು ಹಿಂದೆ ಇದನ್ನೇ ಹೇಳುತ್ತಿದ್ದರು. ಸಾಲದ ಅರ್ಜಿಯನ್ನು ಪರಿಶೀಲಿಸತಕ್ಕವರು ಇಂದೂ ಇದನ್ನೇ ಹೇಳುತ್ತಾರೆ. ಇದರ ಜೊತೆಗೆ ಇನ್ನೊಂದು ಮಾತೂ ಉಂಟು. ಹಣದ ಬೆಲೆ, ಬ್ಯಾಂಕಿನ ದರ, ನಾಣ್ಯಗಳ ವಿನಿಮಯ ಮೊದಲಾದುವು ಶಾಸ್ತ್ರಜ್ಞರ ವಿಷಯ. ರಿಕಾರ್ಡೊ, ಪೀಲ್, ಕೇನ್ಸ್ ಎಂಬ ಹೆಸರುಗಳು ಕಾಲೇಜಿನ ಪರೀಕ್ಷೆಗೆ ಓದತಕ್ಕವು. ಅವಕ್ಕೂ ಆಲೆಮನೆಗೂ ಏನೇನೂ ಸಂಬಂಧವಿಲ್ಲ ಎಂಬುದು. ಈ ಎರಡು ಮಾತುಗಳೂ ತಪ್ಪು. ಅಷ್ಟೇ ಅಲ್ಲ, ಎರಡನೆಯ ತಪ್ಪಿನ ಆಶ್ರಯವಿಲ್ಲದಿದ್ದರೆ ಮೊದಲನೆಯದು ಇಷ್ಟು ಕಾಲ ಬದುಕುತ್ತಿರಲಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ೧೯೧೪ರ ಜುಲೈ ತಿಂಗಳ ಧಾರಣೆಯನ್ನು ೧೦೦ ಎಂದಿಟ್ಟುಕೊಂಡರೆ, ಕಲ್ಕತ್ತೆಯ ಸಗಟು ಧಾರಣೆಯ ಅಂಕವು ೧೯೨೯ರಲ್ಲಿ ೧೪೧ ಇದ್ದುದು ೧೯೩೧ರಲ್ಲಿ ೯೬ಕ್ಕೂ ೧೯೩೩ರಲ್ಲಿ ೮೭ಕ್ಕೂ ಇಳಿಯಿತು. ಎಂದರೆ, ೧೯೨೯ರಲ್ಲಿ ಹತ್ತು ಪಲ್ಲ ರಾಗಿ ಮಾರಿ ತೀರಿಸಬಹುದಾಗಿದ್ದ ಸಾಲವನ್ನು ೧೯೩೩ರಲ್ಲಿ ತೀರಿಸಬೇಕಾದರೆ, ಧಾರಣೆಯು ಈ ಪ್ರಮಾಣದಲ್ಲಿಯೇ ಇಳಿಯಿತೆಂದುಕೊಂಡರೂ, ಹದಿನಾರು ಪಲ್ಲ ಮಾರಬೇಕಾಯಿತು. ಬಡ್ಡಿಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಬೆಳೆಗಾರನ ಧಾನ್ಯದ ಬೆಲೆಯು ಸರಾಸರಿಗಿಂತಲೂ ಹೆಚ್ಚಾಗಿ ಕುಸಿಯಿತೆಂಬುದನ್ನೂ ಸೇರಿಸಿಲ್ಲ. ಕಂದಾಯದ ರೂಪಾಯಿ ಮಾತ್ರ ಹಿಂದಿನಷ್ಟೇ ಉಳಿಯಿತು. ಈ ನಾಲ್ಕು ವರ್ಷಗಳಲ್ಲಿ ರೈತನ ಮನೆಯಲ್ಲಿ ಆರು ಪಲ್ಲದ ಮದುವೆ ಯಾವುದು ನಡೆಯಿತು? ಅವನು ಕೈಕಟ್ಟಿ ಕುಳಿತಿದ್ದರೂ ಸಾಲವು ತಾನಾಗಿ ಬೆಳೆಯಿತು; ಬೆಳೆದದ್ದು ಸಾಲದ ಪತ್ರದಲ್ಲಿ ಕಾಣಲಿಲ್ಲ, ಕಣದಲ್ಲಿ ಕಂಡಿತು. ಮೈಸೂರು ಸರ್ಕಾರವು ೧೯೨೮ರಲ್ಲಿ ಕೃಷಿಕರ ಪರಿಹಾರದ ಕಾಯಿದೆಯನ್ನೂ ೧೯೩೭ರಲ್ಲಿ ಸಾಲದ ರಾಜಿಯ ಕಾಯಿದೆಯನ್ನೂ ಮಾಡಿತು. ಅವು ಒಳ್ಳೆಯ ಕಾಯಿದೆಗಳೇ. ಆದರೆ ಅವು ಸಾಹುಕಾರನನ್ನೂ ರೈತನನ್ನೂ ಎದುರುಬದುರು ಕೂರಿಸಿದುವಲ್ಲದೆ, ಇಬ್ಬರ ನಡುವೆ ಇಟ್ಟಿದ್ದ ಅಳತೆಯ ಕೊಳಗವನ್ನು ಯಾರು ಬದಲಾಯಿಸಿದರೆಂದು ಕೇಳಲಿಲ್ಲ. ಕೇಳುವ ಅಧಿಕಾರವೂ ಮೈಸೂರಿಗೆ ಇರಲಿಲ್ಲ. ೧೮೮೧ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬರೆದ ಪತ್ರದಲ್ಲಿಯೇ, ಬ್ರಿಟಿಷ್ ಇಂಡಿಯದ ನಾಣ್ಯವೇ ಮೈಸೂರಿನಲ್ಲಿ ಚಲಾವಣೆಯಾಗಬೇಕು, ಹಿಂದೆಯೇ ನಿಂತುಹೋಗಿದ್ದ ಮೈಸೂರಿನ ಸ್ವಂತ ನಾಣ್ಯವನ್ನು ಮತ್ತೆ ಎಬ್ಬಿಸಕೂಡದು ಎಂಬ ಷರತ್ತು ಇತ್ತು. ಕಂಠೀರವ ನರಸರಾಜ ಒಡೆಯರ ಹೆಸರಿನ ಚಿನ್ನದ ಹಣವು ಶತಮಾನಗಳ ಕಾಲ ನಡೆದಾಡಿದ್ದ ಸೀಮೆ ಇದು.

ಕೊಳಗವನ್ನು ಬದಲಾಯಿಸಿದವರು ಯಾರೆಂದು ತಿಳಿಯಬೇಕಾದರೆ ಲಂಡನ್ನಿನ ವಾದಗಳ ಕಡೆಗೆ ತಿರುಗಲೇಬೇಕು. ೧೭೯೭ರಲ್ಲಿ, ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದಾಗ, ಇಂಗ್ಲೆಂಡಿನ ಬ್ಯಾಂಕು ತನ್ನ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. ನಿಂತದ್ದು ೧೮೨೧ರವರೆಗೂ ನಿಂತಿತು. ನೋಟು ಹೆಚ್ಚಾದುದರಿಂದಲೇ ಚಿನ್ನದ ಬೆಲೆ ಏರಿತೆಂದು ರಿಕಾರ್ಡೊ ವಾದಿಸಿದನು. ೧೮೧೦ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಅದೇ ಅಭಿಪ್ರಾಯಕ್ಕೆ ಬಂದು, ಎರಡು ವರ್ಷಗಳೊಳಗೆ ಚಿನ್ನದ ಪಾವತಿಗೆ ಹಿಂದಿರುಗಬೇಕೆಂದಿತು. ಪಾರ್ಲಿಮೆಂಟು ಅದನ್ನು ೧೮೧೧ರಲ್ಲಿ ತಳ್ಳಿಹಾಕಿತು, ಏಕೆಂದರೆ ಯುದ್ಧಕ್ಕೆ ಹಣ ಬೇಕಾಗಿತ್ತು. ಯುದ್ಧ ಮುಗಿದ ಮೇಲೆ ೧೮೧೯ರಲ್ಲಿ ಅದೇ ತತ್ತ್ವವು ಪವಿತ್ರವಾಯಿತು. ಅಗ್ಗದ ನೋಟಿನಲ್ಲಿ ಸಾಲ ಕೊಟ್ಟಿದ್ದವರು ತುಟ್ಟಿಯಾದ ಚಿನ್ನದಲ್ಲಿ ವಸೂಲುಮಾಡಿಕೊಂಡರು. ಇದು ಸಾಲಗಾರನ ಮೇಲೆ ನಡೆದ ಅನ್ಯಾಯವೆಂದು ಕೂಗಿ ಹೇಳಿದವನು ಬರ್ಮಿಂಗ್‌ಹ್ಯಾಮಿನ ಬ್ಯಾಂಕಿನವನಾದ ಥಾಮಸ್ ಆಟ್‌ವುಡ್. ಶಾಸ್ತ್ರಜ್ಞರು ಅವನನ್ನು ಅರೆಮರುಳನೆಂದು ಎಣಿಸಿದರು. ಇಂಗ್ಲೆಂಡಿನ ಹಣದ ಶಾಸ್ತ್ರದ ಚರಿತ್ರೆಯನ್ನು ಬೋಧಿಸತಕ್ಕವರು ಇಂದಿಗೂ ರಿಕಾರ್ಡೊವಿಗೆ ಹತ್ತು ಪುಟ ಕೊಟ್ಟು ಆಟ್‌ವುಡ್ಡಿಗೆ ಹತ್ತು ಸಾಲು ಕೊಡುತ್ತಾರೆ. ಸಾಲಗಾರರೇ ತುಂಬಿದ ಜಿಲ್ಲೆಯ ವಿದ್ಯಾರ್ಥಿಗಾದರೂ ಈ ಪ್ರಮಾಣವು ಬೇರೆಯಾಗಬೇಡವೆ?

ಆಮೇಲೆ ಬಂದುದು ಎರಡು ಪಂಗಡಗಳ ಪ್ರಸಿದ್ಧವಾದ ಜಗಳ. ಓವರ್‌ಸ್ಟನ್, ಟಾರೆನ್ಸ್ ಮೊದಲಾದವರ ನಾಣ್ಯಪಕ್ಷವು, ನೋಟು ಚಿನ್ನದ ನೆರಳಾಗಿರಬೇಕು, ಚಿನ್ನ ಬಂದಷ್ಟು ಹೆಚ್ಚಿ ಹೋದಷ್ಟು ತಗ್ಗಬೇಕು ಎಂದಿತು. ಟೂಕ್, ಫುಲ್ಲರ್ಟನ್ ಮೊದಲಾದವರ ಬ್ಯಾಂಕುಪಕ್ಷವು, ವ್ಯಾಪಾರಕ್ಕೆ ಬೇಕಾದಷ್ಟು ನೋಟು ಹೊರಡುತ್ತದೆ, ಕೆಲಸ ತೀರಿದ ಮೇಲೆ ಸಾಲದ ಮರುಪಾವತಿಯಾಗಿ ಬ್ಯಾಂಕಿಗೇ ಹಿಂದಿರುಗುತ್ತದೆ ಎಂದಿತು. ಮಂಡ್ಯದ ಬೆಲ್ಲದ ವ್ಯಾಪಾರವನ್ನು ಕಂಡವನಿಗೆ ಈ ಎರಡನೆಯ ವಾದವನ್ನು ವಿವರಿಸಬೇಕಾದುದಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ಕೂಲಿಗೆ ಹಣ, ಗಾಡಿಗೆ ಹಣ, ಆಲೆಮನೆಯ ಕೊಪ್ಪರಿಗೆಗೆ ಹಣ, ಮಂಡಿಯವನಿಗೆ ಬೆಲ್ಲ ಕೊಳ್ಳಲು ಹಣ. ಬೆಲ್ಲವು ಮಾರಿದ ಮೇಲೆ ಆ ಹಣವೆಲ್ಲ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಹಣವು ಸಾಲದೆ ಹೋದರೆ ಬೆಲ್ಲವು ಸಿಕ್ಕಿದ ಬೆಲೆಗೆ ಹೋಗುತ್ತದೆ. ಲಂಡನ್ನಿನಲ್ಲಿ ಚಿನ್ನ ಎಷ್ಟಿದೆ ಎಂಬುದನ್ನು ನೋಡಿ ಕಬ್ಬು ಬಲಿಯುವುದಿಲ್ಲ. ಆದರೆ ೧೮೪೪ರಲ್ಲಿ ಗೆದ್ದುದು ನಾಣ್ಯಪಕ್ಷ. ಆಧಾರವಿಲ್ಲದ ನೋಟಿಗೆ ೧ ಕೋಟಿ ೪೦ ಲಕ್ಷ ಪೌಂಡಿನ ಮಿತಿಯನ್ನು ಹಾಕಿ, ಅದಕ್ಕೆ ಮೀರಿದ ಪ್ರತಿಯೊಂದು ನೋಟಿಗೂ ಲೋಹವಿರಬೇಕೆಂದು ಪೀಲ್ ಕಾಯಿದೆ ಮಾಡಿದನು.

ಓದುಗರು ವಿಶೇಷವಾಗಿ ಗಮನಿಸಬೇಕಾದುದು ಮುಂದಿನ ಸಂಗತಿ. ೧೮೪೭ರಲ್ಲಿ ಲಂಡನ್ನಿನ ವರ್ತಕರು ಮುಳುಗುವ ಹಾಗಾಯಿತು, ಕಾಯಿದೆಯನ್ನು ತಡೆಹಿಡಿದರು. ೧೮೫೭ರಲ್ಲಿ ಮತ್ತೆ ಹಾಗೆಯೇ. ೧೮೬೬ರ ಮೇ ೧೦ರಂದು ಓವರೆಂಡ್ ಗರ್ನಿ ಎಂಬ ದೊಡ್ಡ ಸಂಸ್ಥೆಯು ಬಾಗಿಲು ಹಾಕಿದಾಗ ಮೂರನೆಯ ಸಲ. ಇಪ್ಪತ್ತೆರಡು ವರ್ಷಗಳಲ್ಲಿ ಮೂರು ಸಲ ಬದಿಗಿರಿಸಿದ ಕಾಯಿದೆಯನ್ನು ಪ್ರಕೃತಿಯ ನಿಯಮವೆಂದು ಕರೆಯುವುದಕ್ಕೆ ಬಹಳ ಧೈರ್ಯ ಬೇಕು. ೧೮೭೩ರಲ್ಲಿ ಬ್ಯಾಜಟ್ ತನ್ನ 'ಲಂಬಾರ್ಡ್ ಸ್ಟ್ರೀಟ್' ಎಂಬ ಗ್ರಂಥದಲ್ಲಿ, ದಿಗಿಲಿನ ಕಾಲದಲ್ಲಿ ಕೇಂದ್ರಬ್ಯಾಂಕು ಒಳ್ಳೆಯ ಆಧಾರದ ಮೇಲೆ, ಹೆಚ್ಚಿನ ಬಡ್ಡಿಗಾದರೂ ಧಾರಾಳವಾಗಿ ಸಾಲ ಕೊಡಬೇಕೆಂದು ಸ್ಪಷ್ಟಪಡಿಸಿದನು. ತಮ್ಮ ಮನೆಗೆ ಬೆಂಕಿ ಬಿದ್ದಾಗ ಬಾವಿಯ ಬೀಗ ತೆಗೆಯಬೇಕೆಂಬುದು ಇಂಗ್ಲಿಷರಿಗೆ ಚೆನ್ನಾಗಿ ಗೊತ್ತಿತ್ತು.

ಇಂಡಿಯಕ್ಕೆ ಅವರು ಕಳುಹಿಸಿದ್ದು ಬೀಗವನ್ನು ಮಾತ್ರ. ಇದು ಬರಿಯ ಅಲಂಕಾರದ ಮಾತಲ್ಲ. 'ಎಕನಾಮಿಸ್ಟ್' ಪತ್ರಿಕೆಯನ್ನು ಸ್ಥಾಪಿಸಿದ ಜೇಮ್ಸ್ ವಿಲ್ಸನ್ ಬ್ಯಾಂಕುಪಕ್ಷದವನು, ಬ್ಯಾಜಟ್ಟನಿಗೆ ಮಾವ. ಅವನು ೧೮೫೯ರಲ್ಲಿ ಇಂಡಿಯದ ಮೊದಲ ಹಣಕಾಸಿನ ಸದಸ್ಯನಾಗಿ ಕಲ್ಕತ್ತೆಗೆ ಬಂದು, ಸರ್ಕಾರದ ನೋಟಿನ ಯೋಜನೆಯೊಂದನ್ನು ಮುಂದಿಟ್ಟನು. ನೋಟಿನ ಮೊತ್ತದ ಮೂರರಲ್ಲೊಂದು ಭಾಗಕ್ಕೆ ನಾಣ್ಯವಿದ್ದರೆ ಸಾಕು, ಉಳಿದುದಕ್ಕೆ ಸಾಲಪತ್ರಗಳ ಆಧಾರವಿರಲಿ ಎಂಬುದು ಅವನ ಅಭಿಪ್ರಾಯ. ಆತನು ೧೮೬೦ರ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿಯೇ ತೀರಿಕೊಂಡನು. ಲಂಡನ್ನಿನಲ್ಲಿ ಇಂಡಿಯದ ಮಂತ್ರಿಯಾಗಿದ್ದ ಸರ್ ಚಾರ್ಲ್ಸ್ ವುಡ್ ೧೮೪೪ರ ತತ್ತ್ವವನ್ನೇ ಹಿಡಿದನು. ೧೮೬೧ರ ಕಾಯಿದೆಯಲ್ಲಿ ಆಧಾರವಿಲ್ಲದ ನೋಟಿಗೆ ೪ ಕೋಟಿ ರೂಪಾಯಿಯ ಮಿತಿ ಬಿತ್ತು. ಅಷ್ಟು ದೊಡ್ಡ ದೇಶಕ್ಕೆ ೪ ಕೋಟಿ! ದೇಶವನ್ನು ವೃತ್ತಗಳಾಗಿ ಒಡೆದು, ಒಂದು ವೃತ್ತದ ನೋಟು ಮತ್ತೊಂದರಲ್ಲಿ ಕಡ್ಡಾಯವಾಗಿ ಸಲ್ಲತಕ್ಕದ್ದಲ್ಲವೆಂದೂ ಮಾಡಿದರು. ಪೀಲನ ಕಾಯಿದೆಗೆ ಇಂಗ್ಲೆಂಡಿನಲ್ಲಿ ಒಂದು ಕೇಂದ್ರಬ್ಯಾಂಕಾದರೂ ಜೊತೆಗಿತ್ತು. ಇಂಡಿಯಕ್ಕೆ ಅಂಥ ಬ್ಯಾಂಕು ಬಂದುದು ೧೯೩೫ರ ಏಪ್ರಿಲ್ ೧ರಂದು, ಎಂದರೆ ಎಪ್ಪತ್ತು ವರ್ಷಗಳ ಮೇಲೆ. ಆ ನಡುವೆ ಸುಗ್ಗಿಯ ತಿಂಗಳುಗಳಲ್ಲಿ ಪ್ರೆಸಿಡೆನ್ಸಿ ಬ್ಯಾಂಕುಗಳ ಬಡ್ಡಿಯು ನೂರಕ್ಕೆ ಎಂಟರವರೆಗೆ ಏರುವುದೂ ಮಳೆಗಾಲದಲ್ಲಿ ಮೂರಕ್ಕೆ ಇಳಿಯುವುದೂ ವಾಡಿಕೆಯಾಗಿತ್ತು. ರೈತನು ಮಾರುವ ಕಾಲಕ್ಕೆ ಹಣ ತುಟ್ಟಿ; ಅವನ ಕೈಯಲ್ಲಿ ಮಾರುವುದೇನೂ ಇಲ್ಲದ ಕಾಲಕ್ಕೆ ಅಗ್ಗ. ಪ್ರೆಸಿಡೆನ್ಸಿ ಬ್ಯಾಂಕಿನ ಎಂಟು ಹಳ್ಳಿಯ ಸಾಹುಕಾರನ ಕೈಗೆ ಬರುವ ವೇಳೆಗೆ ಎಷ್ಟಾಗುತ್ತಿತ್ತೆಂಬುದನ್ನು ಈ ಪತ್ರಿಕೆಯ ಓದುಗರ ಅಜ್ಜಂದಿರು ಬಲ್ಲವರಾಗಿದ್ದರು.

ಇನ್ನು ಚಿನ್ನದ ವಿಚಾರ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯು ಧುಮುಕುವ ಶಕ್ತಿಯಿಂದ ವಿದ್ಯುತ್ತನ್ನು ಪಡೆಯುವ ಕೆಲಸವು ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾಗಿ ೧೯೦೨ರಲ್ಲಿ ಮುಗಿಯಿತು. ಮೊದಲ ವಿದ್ಯುತ್ತು ಮಳವಳ್ಳಿಯ ಮನೆಗಳಿಗೆ ಬರಲಿಲ್ಲ. ೯೨ ಮೈಲಿ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಗಣಿಯನ್ನು ನಡೆಯಿಸುತ್ತಿದ್ದುದು ಜಾನ್ ಟೇಲರ್ ಎಂಬ ಇಂಗ್ಲಿಷ್ ಸಂಸ್ಥೆ. ಮೈಸೂರಿಗೆ ಸಿಕ್ಕಿದ್ದು ರಾಜಧನ, ಚಿನ್ನವು ಲಂಡನ್ನಿಗೆ. ೧೮೯೮ರ ಫೌಲರ್ ಸಮಿತಿಯು ಇಂಡಿಯದಲ್ಲಿಯೇ ಚಿನ್ನದ ನಾಣ್ಯವನ್ನು ಅಚ್ಚುಹಾಕಬೇಕೆಂದು ಶಿಫಾರಸು ಮಾಡಿದ್ದಿತು. ಲಂಡನ್ನಿನ ಖಜಾನೆಯವರು ಒಂದರ ಮೇಲೊಂದು ಆಕ್ಷೇಪಣೆ ಎತ್ತುತ್ತ ವರ್ಷಗಳನ್ನು ಕಳೆದರು. ಅಷ್ಟರಲ್ಲಿ ಕೋಲಾರದ ಕಂಪನಿಗಳು ತಮ್ಮ ಚಿನ್ನವನ್ನು ಇಂಗ್ಲೆಂಡಿನಲ್ಲಿಯೇ ಮಾರುವ ಏರ್ಪಾಡು ಮಾಡಿಕೊಂಡುವು. ೧೯೦೩ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಚಿನ್ನದ ಪ್ರಮಾಣವೆಂಬ ಉತ್ತಮ ಹಣದ ತತ್ತ್ವವನ್ನು ಕೊಂಡಾಡತಕ್ಕವರು ಇದನ್ನು ಸ್ವಲ್ಪ ಯೋಚಿಸಬೇಕು. ಮಳವಳ್ಳಿಯ ನೀರು, ಕೋಲಾರದ ಮಣ್ಣು, ಅಲ್ಲಿನ ಕೂಲಿಯವರ ಮೈಬೆವರು ಸೇರಿ ಹೊರತೆಗೆದ ಲೋಹವು ಲಂಡನ್ನಿನ ನೋಟಿಗೆ ಗಟ್ಟಿತನವನ್ನು ಕೊಟ್ಟಿತು. ಮಳವಳ್ಳಿಯ ರೈತನ ಕೈಗೆ ಬಂದುದು ಬೆಳ್ಳಿಯ ರೂಪಾಯಿ. ಅದೂ ತನ್ನೊಳಗಿನ ಬೆಳ್ಳಿಯ ಬೆಲೆಗೆ ಸಲ್ಲದೆ ಸರ್ಕಾರದ ಮಾತಿನ ಬೆಲೆಗೆ ಸಲ್ಲುವ ರೂಪಾಯಿ.

ಅದು ಹಾಗಾದದ್ದು ೧೮೯೩ರ ಜೂನ್ ೨೬ರಂದು. ಅಲ್ಲಿಯವರೆಗೆ ಯಾರು ಬೇಕಾದರೂ ಬೆಳ್ಳಿಯನ್ನು ಠಂಕಸಾಲೆಗೆ ಒಪ್ಪಿಸಿ, ಸ್ವಲ್ಪ ಕೂಲಿ ಕಳೆದು, ರೂಪಾಯಿ ಪಡೆಯಬಹುದಾಗಿತ್ತು. ಹಳ್ಳಿಯ ಹೆಂಗಸಿನ ಡಾಬು, ಕಡಗ, ಕಾಲುಂಗುರಗಳು ಕೇವಲ ಒಡವೆಗಳಾಗಿರಲಿಲ್ಲ. ಅವೇ ಅವಳ ಉಳಿತಾಯದ ಬ್ಯಾಂಕು. ಮೈಸೂರು ಸೀಮೆಯ ಜನರಲ್ಲಿ ಸುಮಾರು ಐದರಲ್ಲೊಬ್ಬರನ್ನು ನುಂಗಿದ ೧೮೭೬-೭೮ರ ಕ್ಷಾಮದಲ್ಲಿ ದಕ್ಷಿಣದೇಶದ ಒಡವೆಗಳು ರಾಶಿರಾಶಿಯಾಗಿ ಕರಗಿ ರೂಪಾಯಿಯಾಗಿ ಅನ್ನವಾದುವು. ಬೆಳ್ಳಿಯ ಬೆಲೆ ಇಳಿದು, ಲಂಡನ್ನಿಗೆ ಕಟ್ಟಬೇಕಾದ ಹಣಕ್ಕೆ ಹೆಚ್ಚು ರೂಪಾಯಿ ಬೇಕಾಗುತ್ತದೆಂಬ ಕಾರಣದಿಂದ, ಹರ್ಷಲ್ ಸಮಿತಿಯ ಸಲಹೆಯಂತೆ ಠಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಿದರು. ಒಂದು ದಿನದಲ್ಲಿ ಕಡಗದ ಬೆಳ್ಳಿಗೂ ರೂಪಾಯಿಯ ಬೆಳ್ಳಿಗೂ ಇದ್ದ ನಂಟು ಕಡಿಯಿತು. ೧೮೯೬-೯೭ರಲ್ಲಿಯೂ ೧೮೯೯-೧೯೦೦ದಲ್ಲಿಯೂ ದೇಶದ ಬೇರೆ ಬೇರೆ ಭಾಗಗಳಲ್ಲಿ ಮತ್ತೆ ಕ್ಷಾಮಗಳಾದಾಗ ಒಡವೆಯನ್ನು ಮಾರಹೋದವರು ಅದರ ಫಲವನ್ನು ಕಂಡರು. ಉಳಿತಾಯವಿಲ್ಲದ ರೈತನೆಂದು ಬೈಯತಕ್ಕವರು, ಉಳಿಸಿದ್ದ ರೈತನ ಗಂಟಿಗೆ ಏನಾಯಿತೆಂಬುದನ್ನು ಇಲ್ಲಿ ನೋಡಬಹುದು.

ಕೇನ್ಸ್ ಎಂಬಾತನ ಕಥೆ ಇನ್ನೂ ಸ್ವಾರಸ್ಯವಾದುದು. ಅವನು ಲಂಡನ್ನಿನ ಇಂಡಿಯ ಕಚೇರಿಯಲ್ಲಿ ಗುಮಾಸ್ತೆಗಾರಿಕೆ ಮಾಡಿ, ಇಂಡಿಯಕ್ಕೆ ಬಾರದೆಯೇ ೧೯೧೩ರಲ್ಲಿ ಇಂಡಿಯದ ನಾಣ್ಯವನ್ನು ಕುರಿತು ಗ್ರಂಥ ಬರೆದು, ಈ ಏರ್ಪಾಡು ಜಾಣತನದ್ದೆಂದು ಹೊಗಳಿದನು. ಹನ್ನೆರಡು ವರ್ಷಗಳ ಮೇಲೆ, ೧೯೨೫ರಲ್ಲಿ, ಚರ್ಚಿಲ್ಲನು ಪೌಂಡನ್ನು ಯುದ್ಧಪೂರ್ವದ ಬೆಲೆಗೆ ಚಿನ್ನಕ್ಕೆ ಕಟ್ಟಿದಾಗ, ಇದೇ ಕೇನ್ಸ್ ಸಿಡಿದೆದ್ದನು: ಪೌಂಡಿನ ಬೆಲೆಯನ್ನು ನೂರಕ್ಕೆ ಹತ್ತರಷ್ಟು ಅನ್ಯಾಯವಾಗಿ ಏರಿಸಿ, ಕಲ್ಲಿದ್ದಲ ಗಣಿಯ ಕೂಲಿಯವರ ಹೊಟ್ಟೆಯ ಮೇಲೆ ಹೊಡೆಯಲಾಯಿತೆಂದನು. ಆ ಮಾತು ನ್ಯಾಯವಾದುದೇ. ಮರುವರ್ಷ, ೧೯೨೬ರಲ್ಲಿ, ಹಿಲ್ಟನ್ ಯಂಗ್ ಮಂಡಲಿಯು ರೂಪಾಯಿಯನ್ನು ೧ ಷಿಲ್ಲಿಂಗ್ ೪ ಪೆನ್ನಿಯ ಹಳೆಯ ಮಟ್ಟದಿಂದ ೧ ಷಿಲ್ಲಿಂಗ್ ೬ ಪೆನ್ನಿಗೆ ಕಟ್ಟಬೇಕೆಂದಿತು. ಒಂದು ಪೌಂಡಿಗೆ ಮಾರುವ ಸರಕಿಗೆ ಹಳೆಯ ದರದಲ್ಲಿ ೧೫ ರೂಪಾಯಿ ಬಂದರೆ ಹೊಸ ದರದಲ್ಲಿ ೧೩ ರೂಪಾಯಿ ೫ ಆಣೆ ೪ ಪೈ. ಕಂದಾಯ ಮೊದಲಿನಷ್ಟೇ, ಸಾಲ ಮೊದಲಿನಷ್ಟೇ. ಮಂಡಲಿಯ ಸದಸ್ಯರಲ್ಲಿ ಪುರುಷೋತ್ತಮದಾಸ್ ಠಾಕೂರ್‌ದಾಸರು ಒಬ್ಬರೇ ಭಿನ್ನಾಭಿಪ್ರಾಯ ಬರೆದರು. ೧೯೨೭ರಲ್ಲಿ ಅದು ಕಾಯಿದೆಯಾಯಿತು. ಆಗ ವೈಸ್‌ರಾಯರಾಗಿದ್ದವರು ಲಾರ್ಡ್ ಇರ್ವಿನ್. ಮಂಡ್ಯದ ಹೊಲಗಳಿಗೆ ಕೃಷ್ಣರಾಜಸಾಗರದ ನೀರನ್ನು ತಂದ ನಾಲೆಗೆ ಮೊದಲು ಇಟ್ಟಿದ್ದುದು ಅವರ ಹೆಸರೇ. ನೀರಿನಿಂದ ಏರಿದ ಬೆಳೆಯ ಒಂದು ಪಾಲನ್ನು ಅವರ ಕಾಲದ ದರವು ಇಳಿಸಿತೆಂಬುದು ಆ ಹೆಸರಿನ ಜೊತೆಗೆ ಸ್ಮರಣೆಯಲ್ಲಿಡತಕ್ಕ ಸಂಗತಿ. ೧೯೩೧ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ತಾನೇ ಚಿನ್ನವನ್ನು ಬಿಟ್ಟಿತು. ರೂಪಾಯಿಯನ್ನು ಮಾತ್ರ ಪೌಂಡಿನ ಬಾಲಕ್ಕೆ ಅದೇ ೧೮ ಪೆನ್ನಿಗೆ ಕಟ್ಟಿದರು. ಮುಗ್ಗಟ್ಟಿನಲ್ಲಿ ಮನೆಮನೆಯ ಚಿನ್ನ ಹೊರಬಿದ್ದು, ೧೯೩೯ರ ಯುದ್ಧದ ವೇಳೆಗೆ ೩೦೦ ಕೋಟಿ ರೂಪಾಯಿಗೂ ಮಿಕ್ಕ ಬಂಗಾರವು ದೇಶದಿಂದ ಹಡಗೇರಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನೂ ಚಿನ್ನವನ್ನು ಬಿಟ್ಟಿತು. ಒಂದು ವರ್ಷದೊಳಗೆ ಯೆನ್ನಿನ ಬೆಲೆಯು ಡಾಲರಿನ ಎದುರಿಗೆ ಅರ್ಧಕ್ಕಿಂತಲೂ ಕೆಳಗಿಳಿದು, ಜಪಾನಿನ ರೇಷ್ಮೆಯು ಇಂಡಿಯದ ಪೇಟೆಗಳಲ್ಲಿ ಅಗ್ಗವಾಯಿತು. ಮಳವಳ್ಳಿಯ ಗೂಡು ಸಾಕುವವನು ಹಿಪ್ಪುನೇರಳೆ ಸೊಪ್ಪನ್ನು ಮೊದಲಿನಷ್ಟೇ ಶ್ರದ್ಧೆಯಿಂದ ಕೊಯ್ದು ಹಾಕಿದನು, ಹುಳು ಮೊದಲಿನಂತೆಯೇ ನೂಲು ಕಟ್ಟಿತು; ಟೋಕಿಯೋದವರು ತಮ್ಮ ಹಣವನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದರು, ಇವನ ಹಣವು ಲಂಡನ್ನಿನವರ ಕೈಯಲ್ಲಿತ್ತು. ಸುಂಕದ ಮಂಡಲಿಯು ವಿಚಾರಣೆ ನಡೆಸಿ ೧೯೩೪ರಲ್ಲಿ ರೇಷ್ಮೆಗೆ ರಕ್ಷಣೆ ಬರುವಷ್ಟರಲ್ಲಿ ಬಹಳ ಕಡ್ಡಿತೋಟಗಳು ಕಿತ್ತುಹೋಗಿದ್ದುವು. ಸಕ್ಕರೆಯ ವಿಷಯದಲ್ಲಿ ೧೯೩೨ರಲ್ಲಿಯೇ ರಕ್ಷಣಾಸುಂಕ ಬಂದುದರಿಂದ ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ತಲೆಯೆತ್ತಲು ಸಾಧ್ಯವಾಯಿತು. ಮಂಡ್ಯಕ್ಕೂ ಮಳವಳ್ಳಿಗೂ ಆಗ ಆದ ವ್ಯತ್ಯಾಸವು ರೈತರ ಗುಣದ ವ್ಯತ್ಯಾಸವಲ್ಲ, ಎರಡು ವರ್ಷಗಳ ವ್ಯತ್ಯಾಸ.

ಇದಕ್ಕೆ ಒಂದು ಬಲವಾದ ಆಕ್ಷೇಪಣೆಯುಂಟು, ಅದನ್ನು ಮರೆಮಾಡುವುದು ನ್ಯಾಯವಲ್ಲ. ರೂಪಾಯಿಯ ಬೆಲೆ ತಗ್ಗಿದರೆ ಮಾರುವವನಿಗೆ ಲಾಭ, ಕೊಂಡು ತಿನ್ನುವ ಕೂಲಿಯವನಿಗೆ ನಷ್ಟ. ೧೯೨೩ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತು ಗ್ರಂಥ ಬರೆದು ಕೇನ್ಸನ ಮತವನ್ನು ಖಂಡಿಸಿದ ಡಾಕ್ಟರ್ ಅಂಬೇಡ್ಕರರು, ಹಿಲ್ಟನ್ ಯಂಗ್ ಮಂಡಲಿಯ ಮುಂದೆ ಈ ಅಂಶವನ್ನು ಎತ್ತಿ, ಅಗ್ಗದ ರೂಪಾಯಿಯನ್ನು ಬಯಸುವ ವ್ಯಾಪಾರಿಗಳ ಲಾಭವು ದುಡಿಯುವ ಬಡವರ ಕೈಯಿಂದ ಬರುತ್ತದೆಂದು ಎಚ್ಚರಿಸಿದರು. ಮದ್ದೂರಿನ ಗದ್ದೆಯಲ್ಲಿ ನಾಟಿ ಹಾಕುವ ಕೂಲಿಯವಳು ಭತ್ತ ಮಾರತಕ್ಕವಳಲ್ಲ, ಅಕ್ಕಿ ಕೊಳ್ಳತಕ್ಕವಳು. ಆದಕಾರಣ ೧೬ ಪೆನ್ನಿಯೇ ಧರ್ಮ, ೧೮ ಪೆನ್ನಿಯೇ ಅಧರ್ಮ ಎಂದು ಸಾಧಿಸುವುದು ಸಾಧ್ಯವಿಲ್ಲ. ಆದರೆ ಈ ಆಕ್ಷೇಪಣೆಯು ಹಣದ ಶಾಸ್ತ್ರವನ್ನು ಜಿಲ್ಲೆಯಿಂದ ದೂರಮಾಡುವುದಿಲ್ಲ, ಇನ್ನೂ ಹತ್ತಿರಕ್ಕೆ ತರುತ್ತದೆ. ದರವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಗಣಿತದ ಪ್ರಶ್ನೆಯಲ್ಲ. ರೈತ, ಕೂಲಿ, ಸಾಹುಕಾರ, ಸರ್ಕಾರ ಇವರಲ್ಲಿ ಯಾರ ಗಂಟಿನಿಂದ ಯಾರ ಗಂಟಿಗೆ ಎಂಬ ಪ್ರಶ್ನೆ. ಅಂಬೇಡ್ಕರರು ಅದನ್ನು ಕೇಳಿದರು. ಮಂಡಲಿಯ ಬಹುಮತವು, ಬೆಲೆಗಳು ಆಗಲೇ ೧೮ ಪೆನ್ನಿಗೆ ಹೊಂದಿಕೊಂಡಿವೆ ಎಂದು ಹೇಳಿ, ಕೇಳಬೇಕಾಗಿದ್ದ ಪ್ರಶ್ನೆಯನ್ನೇ ಮುಚ್ಚಿತು.

ಸ್ವತಂತ್ರವಾದ ಮೇಲೆ ಎಲ್ಲವೂ ಸರಿಹೋಯಿತೆಂದು ಹೇಳುವುದು ಸುಲಭ. ರಿಸರ್ವ್ ಬ್ಯಾಂಕು ೧೯೪೯ರ ಜನವರಿ ೧ರಂದು ರಾಷ್ಟ್ರದ ಸ್ವತ್ತಾಯಿತು. ಹುಟ್ಟುವಾಗಲೇ ಅದರ ಕಾಯಿದೆಯಲ್ಲಿ ಕೃಷಿಸಾಲದ ವಿಭಾಗವೊಂದಿರಬೇಕೆಂದು ಬರೆದಿತ್ತು. ೧೯೫೧-೫೨ರ ಗ್ರಾಮಸಾಲದ ಸಮೀಕ್ಷೆಯು ಹಳ್ಳಿಯವನ ಸಾಲದ ಮೂಲಗಳನ್ನು ಲೆಕ್ಕಹಾಕಿದಾಗ, ನೂರು ರೂಪಾಯಿಯಲ್ಲಿ ಸಹಕಾರ ಸಂಘಗಳಿಂದ ಬಂದುದು ಸುಮಾರು ೩, ಸರ್ಕಾರದಿಂದ ೩, ವಾಣಿಜ್ಯ ಬ್ಯಾಂಕುಗಳಿಂದ ಒಂದಕ್ಕಿಂತಲೂ ಕಡಮೆ, ಸಾಹುಕಾರರಿಂದ ೭೦ರಷ್ಟು. ಮೈಸೂರಿನಲ್ಲಿ ಸಹಕಾರ ಸಂಘಗಳ ಕಾಯಿದೆಯು ೧೯೦೫ರಲ್ಲಿಯೇ ಆಗಿದ್ದಿತು. ವಿಶ್ವೇಶ್ವರಯ್ಯನವರ ಕಾಲದಲ್ಲಿ, ೧೯೧೩ರಲ್ಲಿ, ಮೈಸೂರು ಬ್ಯಾಂಕು ಹುಟ್ಟಿದ್ದಿತು. ಆ ಬ್ಯಾಂಕು ೧೯೬೦ರಲ್ಲಿ ಸ್ಟೇಟ್ ಬ್ಯಾಂಕಿನ ಅಧೀನವಾಗಿ, ೨೦೧೭ರ ಏಪ್ರಿಲ್ ೧ರಂದು ಅದರಲ್ಲಿಯೇ ಲೀನವಾಯಿತು. ಬೆಂಗಳೂರಿನಲ್ಲಿ ತೀರ್ಮಾನವಾಗುತ್ತಿದ್ದ ಸಂಗತಿಗಳು ಮುಂಬಯಿಗೆ ಹೋದುವು. ವಿಲೀನದಿಂದ ಬ್ಯಾಂಕು ಗಟ್ಟಿಯಾಗುತ್ತದೆಂಬ ಸಮಾಧಾನವನ್ನು ವಿದ್ಯಾವಂತರು ಪತ್ರಿಕೆಗಳಲ್ಲಿ ಓದಿ ತಲೆದೂಗಿದರು. ಓವರ್‌ಸ್ಟನ್ನನ ಕಾಲದಿಂದಲೂ ಗಟ್ಟಿತನವೆಂಬ ಮಾತಿಗೆ ಈ ಮೋಹಕಶಕ್ತಿ ಇದ್ದೇ ಇದೆ.

೨೦೧೬ರಿಂದ ಬಡ್ಡಿಯ ದರವನ್ನು ನಿರ್ಣಯಿಸತಕ್ಕದ್ದು ಆರು ಮಂದಿಯ ಸಮಿತಿ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಕೇಂದ್ರಸರ್ಕಾರವು ನೇಮಿಸಿದವರು. ಬೆಲೆಗಳ ಏರಿಕೆಯನ್ನು ನೂರಕ್ಕೆ ನಾಲ್ಕರ ಸುತ್ತ, ಎರಡು ಹೆಚ್ಚು ಎರಡು ಕಡಮೆಯೊಳಗೆ, ಇಡಬೇಕೆಂಬುದು ಅವರಿಗೆ ಕೊಟ್ಟ ಗುರಿ. ಆ ಬೆಲೆಗಳ ಪಟ್ಟಿಯಲ್ಲಿ ಅತ್ಯಂತ ಭಾರವಾದುದು ಆಹಾರ. ಎಂದರೆ, ರೈತನು ಮಾರತಕ್ಕ ಪದಾರ್ಥ. 'ಹಣದುಬ್ಬರವನ್ನು ಹತೋಟಿಗೆ ತರಲಾಯಿತು' ಎಂಬ ವಾಕ್ಯದಲ್ಲಿ ಟೊಮ್ಯಾಟೊ, ಈರುಳ್ಳಿ, ಬೇಳೆಗಳನ್ನು ಬೆಳೆದವನ ಪಾಲೂ ಅಡಗಿರುತ್ತದೆ. ಆ ಗುರಿಯನ್ನು ನಾಲ್ಕೆಂದು ಏಕೆ ಇಟ್ಟರು, ಐದೆಂದು ಏಕೆ ಇಡಲಿಲ್ಲ, ಯಾರನ್ನು ಕೇಳಿ ಇಟ್ಟರು ಎಂಬ ಪ್ರಶ್ನೆಯು ಮಂಡ್ಯದ ಕಾಲೇಜುಗಳ ಅರ್ಥಶಾಸ್ತ್ರದ ತರಗತಿಯಲ್ಲಿ ಎಷ್ಟು ಸಲ ಕೇಳಿಬಂದಿದೆ? ೨೦೧೫ರಲ್ಲಿ ಈ ಜಿಲ್ಲೆಯ ಕಬ್ಬಿನ ಬೆಳೆಗಾರರು ಒಬ್ಬರ ಮೇಲೊಬ್ಬರು ಜೀವ ಕಳೆದುಕೊಂಡಾಗ, ಆಗಲೂ ಹೊರಬಿದ್ದ ಮೊದಲ ಮಾತು ಮದುವೆಯ ಖರ್ಚು, ಕುಡಿತ, ಅವಿವೇಕದ ಸಾಲ ಎಂಬುದೇ ಆಗಿತ್ತು. ಸಕ್ಕರೆಯ ಬೆಲೆ ಬಿದ್ದುದೂ ಕಾರ್ಖಾನೆಗಳು ಕಬ್ಬಿನ ಬಾಕಿಯನ್ನು ಉಳಿಸಿಕೊಂಡುದೂ ಎರಡನೆಯ ಮಾತಾಗಿ ಬಂದಿತು. ಬಾಕಿಯಾದ ಹಣಕ್ಕೆ ರೈತನಿಗೆ ಬಡ್ಡಿ ಸಲ್ಲಬೇಕೆಂದು ಸರ್ಕಾರದ ಆಜ್ಞೆಯಲ್ಲಿಯೇ ಇದೆ. ತನ್ನ ಸಾಲಕ್ಕೆ ಅವನು ಕಟ್ಟುವ ಬಡ್ಡಿಯಂತೆ ಅದು ಗಡುವಿಗೆ ಸರಿಯಾಗಿ ಅವನ ಖಾತೆಗೆ ಬರುವುದೇ ಎಂಬುದನ್ನು, ದುಂದಿನ ಉಪದೇಶಕ್ಕೆ ಹೊರಡುವ ಮೊದಲು, ಮದ್ದೂರಿನ ಯಾವ ಕಬ್ಬು ಬೆಳೆಗಾರನನ್ನಾದರೂ ಕೇಳಿ ತಿಳಿಯಬಹುದು.